ಗುಂಪು ಚದುರಿದ ಮೇಲೆ ಬಿದ್ದ ಏಟಿಗೆ ಹೊಣೆ ಯಾರು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಈಚೆಗೆ ಇಲ್ಲಿ ನಡೆದ ಪ್ರತಿಭಟನೆಯ ಕೊನೆಯಲ್ಲಿ ಯಾರೋ ಕಲ್ಲು ತೂರಿದರು, ಪೊಲೀಸರು ಲಾಠಿ ಬೀಸಿದರು. ಪದವಿ ಓದುತ್ತಿರುವ ನನ್ನ ಮಗ ಬಸ್ ನಿಲ್ದಾಣದ ಕಡೆಗೆ ಓಡುತ್ತಿದ್ದಾಗ ತಲೆಯ ಹಿಂಭಾಗಕ್ಕೆ ಏಟು ಬಿದ್ದು ಹೊಲಿಗೆ ಹಾಕಿಸಬೇಕಾಯಿತು. ಹೊಡೆದವರು ನಮ್ಮ ಠಾಣೆಯವರಲ್ಲ, ಹೊರಗಿನಿಂದ ಬಂದ ತುಕಡಿಯವರು. ಹೆಲ್ಮೆಟ್, ಎದೆಗವಚ ತೊಟ್ಟಿದ್ದರಿಂದ ಯಾರೆಂದು ಗುರುತು ಹೇಳಲು ಆಗುತ್ತಿಲ್ಲ. ಪೊಲೀಸರು ಎಷ್ಟರ ಮಟ್ಟಿಗೆ ಬಲ ಪ್ರಯೋಗಿಸಬಹುದು? ನಮ್ಮ ಪೊಲೀಸರು ಸೇನೆಯಂತೆ ಆಗುತ್ತಿದ್ದಾರೆ ಎನ್ನುವ ಮಾತು ನಿಜವೇ? ಈಗ ನಾವು ಏನು ಮಾಡಬಹುದು?

ಉತ್ತರ: ಚದುರಿ ಓಡುತ್ತಿರುವವನ ತಲೆಗೆ ಹಿಂದಿನಿಂದ ಲಾಠಿಯಲ್ಲಿ ಹೊಡೆಯುವ ಅಧಿಕಾರವನ್ನು ಈ ದೇಶದ ಯಾವ ಕಾನೂನೂ ಪೊಲೀಸರಿಗೆ ಕೊಟ್ಟಿಲ್ಲ. ಕಲ್ಲು ತೂರಿದವರು ಯಾರು, ನಿಮ್ಮ ಮಗ ಅಲ್ಲಿಗೆ ಏಕೆ ಹೋಗಿದ್ದ ಎಂಬ ಪ್ರಶ್ನೆಗಳು ಬೇರೆ. ಅವುಗಳಿಗೆ ಉತ್ತರ ಏನೇ ಇದ್ದರೂ ಈ ಮಾತು ಬದಲಾಗುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಇಂಥ ಪ್ರಕರಣಗಳಲ್ಲಿ ಠಾಣೆಯಿಂದ ಹಿಡಿದು ಹಿರಿಯ ಅಧಿಕಾರಿಗಳವರೆಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ‘ನಿಮ್ಮ ಹುಡುಗ ಅಲ್ಲಿ ಏನು ಮಾಡುತ್ತಿದ್ದ?’ ಎಂಬುದಾಗಿರುತ್ತದೆ.

ಗುಂಪು ಚದುರಿಸುವ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮಿನಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ಇದೇ ಮಾತು ದಂಡ ಪ್ರಕ್ರಿಯಾ ಸಂಹಿತೆಯ 129ನೆಯ ಕಲಮಾಗಿತ್ತು. ಕಾರ್ಯನಿರ್ವಾಹಕ ದಂಡಾಧಿಕಾರಿ, ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಅಕ್ರಮ ಕೂಟಕ್ಕೆ ಅಥವಾ ಶಾಂತಿ ಕದಡುವ ಸಂಭವವಿರುವ ಐದು ಅಥವಾ ಹೆಚ್ಚು ಜನರ ಕೂಟಕ್ಕೆ ಚದುರುವಂತೆ ಆದೇಶ ಕೊಡಬಹುದು. ಆದೇಶಿಸಿದರೂ ಚದುರದಿದ್ದರೆ ಬಲ ಪ್ರಯೋಗಿಸಿ ಚದುರಿಸಬಹುದು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 1979ರ ಕರಂ ಸಿಂಗ್ ಪ್ರಕರಣದಲ್ಲಿ ಈ ಕಲಮನ್ನು ಬಿಡಿಸಿ ಹೇಳಿತು: ಹಿಂಸೆಯ ಉದ್ದೇಶವುಳ್ಳ ಅಕ್ರಮ ಕೂಟ ಅಥವಾ ಶಾಂತಿಭಂಗ ಮಾಡಬಹುದಾದ ಕೂಟ ಇರಬೇಕು, ಚದುರಲು ಆದೇಶ ಆಗಿರಬೇಕು, ಆ ಆದೇಶವನ್ನು ಜನ ಮೀರಿರಬೇಕು. ಈ ಮೂರೂ ಕೂಡಿ ಬಂದಾಗ ಮಾತ್ರ ಬಲದ ಮಾತು. ಇದರಿಂದ ಹೊರಡುವ ನೇರ ಅರ್ಥವೇನೆಂದರೆ, ಬಲ ಇರುವುದು ಚದುರಿಸಲಿಕ್ಕೆ, ದಂಡಿಸಲಿಕ್ಕಲ್ಲ. ಗುಂಪು ಚದುರತೊಡಗಿದ ಕ್ಷಣಕ್ಕೆ ಆ ಕಲಂ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಆಮೇಲೆ ಯಾರನ್ನಾದರೂ ಬಂಧಿಸಬೇಕಿದ್ದರೆ ಬಂಧಿಸಬಹುದು, ಆದರೆ ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದು ಎಂದು ಅದೇ ಸಂಹಿತೆಯ 46ನೆಯ ಕಲಂ ಹೇಳುತ್ತದೆ.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ‘ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು’ ಎಂಬ ತಾಕೀತು ಪೊಲೀಸರಿಗೆ ಅನ್ವಯಿಸುವ 148ನೆಯ ಕಲಮಿನಲ್ಲಿ ಇಲ್ಲ. ಅದು ಇರುವುದು ಗಲಭೆ ಹತೋಟಿಗೆ ಸಿಗದೆ ಸಶಸ್ತ್ರ ಪಡೆಯನ್ನು ಕರೆಸಿಕೊಂಡಾಗ ಅನ್ವಯಿಸುವ 149ನೆಯ ಕಲಮಿನಲ್ಲಿ. ಅಂದರೆ ಸೈನಿಕನಿಗೆ ಕಾನೂನು ಬಾಯಿಬಿಟ್ಟು ಹೇಳಿದ ಸಂಯಮವನ್ನು ಪೊಲೀಸನಿಗೆ ಹೇಳದೆ ಬಿಟ್ಟಿದೆ; ಪೊಲೀಸನಿಗೆ ಅದು ತಾನಾಗಿಯೇ ಗೊತ್ತಿರುತ್ತದೆ ಎಂದು ಊಹಿಸಿಕೊಂಡಿರಬಹುದು. ನೂರಾರು ಕಲಮುಗಳನ್ನು ಹೊಸದಾಗಿ ಬರೆದ 2023ರಲ್ಲೂ ಈ ಕೊರತೆಯನ್ನು ತುಂಬಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ವಿಷಯ.

ಆ ಸಂಯಮವನ್ನು ಪೊಲೀಸರಿಗೆ ಕಲಿಸಿರುವುದು ಇಲಾಖೆಯ ಕೈಪಿಡಿಗಳು ಮತ್ತು ನ್ಯಾಯಾಲಯಗಳು. 1964ರಲ್ಲಿ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ ಒಪ್ಪಿಕೊಂಡ ಮಾದರಿ ನಿಯಮಗಳು ಲಾಠಿ ಏಟು ಮೈಯ ಮೆತ್ತನೆಯ ಭಾಗಕ್ಕೆ ಬೀಳಬೇಕು, ತಲೆ ಮತ್ತು ಕೊರಳೆಲುಬಿಗೆ ತಾಗದಂತೆ ಆದಷ್ಟು ನೋಡಿಕೊಳ್ಳಬೇಕು ಎನ್ನುತ್ತವೆ. ಗುಂಡು ಹಾರಿಸುವ ಪ್ರಸಂಗ ಬಂದರೆ ಗುರಿ ಕೆಳಮಟ್ಟದಲ್ಲಿರಬೇಕು, ಗುಂಪಿನಲ್ಲಿ ಹೆಚ್ಚು ಅಪಾಯ ಒಡ್ಡುತ್ತಿರುವ ಭಾಗದತ್ತ ಇರಬೇಕು, ಜನ ಚದುರುವ ಸೂಚನೆ ಕಂಡೊಡನೆ ನಿಲ್ಲಿಸಬೇಕು. ಪತ್ರಿಕೆಗಳಲ್ಲಿ ನಾವು ಪದೇ ಪದೇ ಓದುವ ‘ಗಾಳಿಯಲ್ಲಿ ಗುಂಡು’ ಎಂಬುದಕ್ಕೆ ಆ ನಿಯಮಗಳಲ್ಲಿ ಅನುಮತಿಯೇ ಇಲ್ಲ. ಮೇಲಕ್ಕೆ ಹಾರಿಸಿದ ಗುಂಡು ಮಹಡಿಯ ಮೇಲೆ ನಿಂತು ನೋಡುತ್ತಿರುವ ಯಾರಿಗೋ ತಗುಲಬಹುದು.

ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳು ನಿಮ್ಮ ಪ್ರಕರಣಕ್ಕೆ ನೇರವಾಗಿ ಒದಗಿ ಬರುತ್ತವೆ. 2007ರಲ್ಲಿ ಜಮ್ಮುವಿನ ಕಟ್ರಾ ಬಳಿ ಒಂದು ಮೆರವಣಿಗೆ ಹಿಂಸೆಗೆ ತಿರುಗಿತ್ತು. ಮೆರವಣಿಗೆಯಲ್ಲಿದ್ದವರು ಕಲ್ಲು ತೂರಿದ್ದರು. ಅನಿತಾ ಠಾಕೂರ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ, ಪೊಲೀಸರು ಮೊದಲು ಬಲ ಪ್ರಯೋಗಿಸಿದ್ದು ತಪ್ಪಲ್ಲ, ಆದರೆ ಪರಿಸ್ಥಿತಿ ಹತೋಟಿಗೆ ಬಂದ ಮೇಲೂ ಹೊಡೆತ ಮುಂದುವರಿಸಿದ್ದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು 2016ರಲ್ಲಿ ನ್ಯಾಯಾಲಯ ಹೇಳಿ ಪರಿಹಾರ ಕೊಡಿಸಿತು. ಗುಂಪಿನ ತಪ್ಪು ಮತ್ತು ಪೊಲೀಸರ ಅತಿರೇಕ ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂದು ಒಪ್ಪಿಕೊಂಡ ತೀರ್ಪು ಅದು. ಅದಕ್ಕೂ ಮೊದಲು, 2011ರ ಜೂನ್ 4ರ ಮಧ್ಯರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಸಾವಿರಾರು ಜನರನ್ನು ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ, ಸಾವನ್ನಪ್ಪಿದ ಮಹಿಳೆಯ ಕುಟುಂಬಕ್ಕೆ 5 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ, ಸಣ್ಣಪುಟ್ಟ ಗಾಯದವರಿಗೆ 25 ಸಾವಿರ ರೂಪಾಯಿ ಪರಿಹಾರವನ್ನು 2012ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. ಅದರಲ್ಲೂ ಕಾಲು ಭಾಗವನ್ನು ಸಮಾವೇಶದ ಸಂಘಟಕರ ಮೇಲೆಯೇ ಹೊರಿಸಿತು.

ಇಷ್ಟೆಲ್ಲ ನಿಯಮ, ತೀರ್ಪು ಇದ್ದೂ ಓಡುವವನ ಬೆನ್ನಟ್ಟಿ ಹೊಡೆಯುವುದು ಏಕೆ ನಿಲ್ಲುತ್ತಿಲ್ಲ? ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ಪೊಲೀಸರು ಈಗ ಸೇನೆಯಂತೆ ಆಗುತ್ತಿದ್ದಾರೆ ಎನ್ನುವುದು ಅರ್ಧ ಸತ್ಯ. ಅವರನ್ನು ಕಟ್ಟಿದ್ದೇ ಸೇನೆಯ ಅಚ್ಚಿನಲ್ಲಿ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸ್ ಪಡೆ ಕಟ್ಟಿದಾಗ ಜನ ಅದನ್ನು ಸೈನ್ಯವೆಂದು ಭಾವಿಸಬಾರದೆಂದು ಕೆಂಪು ಬಿಟ್ಟು ನೀಲಿ ಸಮವಸ್ತ್ರ ಕೊಟ್ಟರು, ಬಂದೂಕು ಕೊಡಲಿಲ್ಲ. ಆದರೆ ಅದೇ ಬ್ರಿಟಿಷರು ಐರ್ಲೆಂಡಿನಲ್ಲಿ ಕಟ್ಟಿದ್ದು ಬೇರೆಯೇ ಪಡೆ. ಅದರ ಪೇದೆಗಳು ಬಂದೂಕು ಹಿಡಿದು ಬ್ಯಾರಕ್ಕಿನಲ್ಲಿ ಇರುತ್ತಿದ್ದರು, ಅವರನ್ನು ಸ್ವಂತ ಜಿಲ್ಲೆಯಲ್ಲಿ ನೇಮಿಸುತ್ತಿರಲಿಲ್ಲ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಭಾರತಕ್ಕೆ ತಂದದ್ದು ಈ ಎರಡನೆಯ ಮಾದರಿಯನ್ನು. 1857ರ ದಂಗೆಯ ಭಯ ಇನ್ನೂ ಆರದಿದ್ದ ಕಾಲದಲ್ಲಿ 1860ರ ಪೊಲೀಸ್ ಆಯೋಗ ಕೂತು, 1861ರ ಪೊಲೀಸ್ ಕಾಯ್ದೆ ಬಂತು. ಆ ಪಡೆಯ ಮುಖ್ಯ ಕೆಲಸ ಜನರ ಕಾವಲಲ್ಲ, ಜನರನ್ನು ಹದ್ದುಬಸ್ತಿನಲ್ಲಿ ಇಡುವುದು.

ಸಂಸ್ಥಾನಗಳೂ ಈ ಅಚ್ಚಿನಿಂದ ಹೊರಗೆ ಉಳಿಯಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಬ್ರಿಟಿಷ್ ಪಡೆಯಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಸ್ವಾತಂತ್ರ್ಯದ ನಂತರವೂ ಈ ಸರಪಳಿ ಕಡಿಯಲಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ನಿಮ್ಮ ಹಾವೇರಿಯಲ್ಲೇ 2008ರ ಜೂನ್ 10ರಂದು ರಸಗೊಬ್ಬರ ಕೇಳಲು ಬಂದ ರೈತರ ಮೇಲೆ ನಡೆದ ಗೋಲಿಬಾರನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಇಂದಿನ ರಚನೆಯನ್ನು ನೋಡಿ. ಠಾಣೆಯ ಪೇದೆಗೆ ಊರಿನ ಮುಖಗಳು ಗೊತ್ತು, ಊರಿಗೆ ಅವನ ಮುಖ ಗೊತ್ತು. ಬಂದೋಬಸ್ತಿಗೆ ಬರುವ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಮತ್ತು ಕರ್ನಾಟಕ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ತುಕಡಿಗಳ ಮಾತು ಬೇರೆ. ಅವರು ಕವಾಯತಿನಲ್ಲಿ, ಬ್ಯಾರಕ್ಕಿನಲ್ಲಿ, ಸಾಲಿನಲ್ಲಿ ನಿಂತು ಆಜ್ಞೆಗೆ ಕಾಯುವ ಅಭ್ಯಾಸದಲ್ಲಿ ತಯಾರಾದವರು. ವಾಹನದಲ್ಲಿ ಬಂದು, ಗೊತ್ತಿಲ್ಲದ ಬೀದಿಯಲ್ಲಿ ಇಳಿದು, ಆಜ್ಞೆ ಬಂದಾಗ ಮುನ್ನುಗ್ಗಿ, ಸಂಜೆಗೆ ವಾಪಸು ಹೋಗುವವರು. ಹೀಗೆ ತಯಾರಾದ ಸಾಲಿಗೆ ಮುನ್ನುಗ್ಗುವ ಆಜ್ಞೆ ಕೇಳಿಸುವಷ್ಟು ಸ್ಪಷ್ಟವಾಗಿ ನಿಲ್ಲುವ ಆಜ್ಞೆ ಕೇಳಿಸುವುದಿಲ್ಲ. ಅನೇಕ ಸಲ ಆ ಆಜ್ಞೆಯನ್ನು ಯಾರೂ ಕೊಡುವುದೂ ಇಲ್ಲ.

ಪೊಲೀಸರ ಸೈನಿಕೀಕರಣ ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಜೋರಾದದ್ದು ಅಮೆರಿಕದಲ್ಲಿ. ಅಲ್ಲಿ ರಕ್ಷಣಾ ಇಲಾಖೆಯ ಹೆಚ್ಚುವರಿ ಸಾಮಗ್ರಿಯನ್ನು ಸ್ಥಳೀಯ ಪೊಲೀಸರಿಗೆ ವರ್ಗಾಯಿಸುವ ‘1033’ ಯೋಜನೆಯಡಿ 1990ರ ದಶಕದಿಂದ 700 ಕೋಟಿ ಡಾಲರ್‌ಗೂ ಮಿಕ್ಕ ಬೆಲೆಯ ಸರಕು ಹಂಚಿಕೆಯಾಗಿದೆ. 2014ರ ಆಗಸ್ಟ್‌ನಲ್ಲಿ ಮಿಸೌರಿಯ ಫರ್ಗುಸನ್ ಎಂಬ ಸಣ್ಣ ಊರಿನಲ್ಲಿ ಕಪ್ಪು ತರುಣನೊಬ್ಬನ ಹತ್ಯೆಯನ್ನು ವಿರೋಧಿಸಿ ಬೀದಿಗಿಳಿದವರ ಎದುರು ಯುದ್ಧಭೂಮಿಯ ಕವಚವಾಹನಗಳು ಬಂದು ನಿಂತದ್ದನ್ನು ಜಗತ್ತು ನೋಡಿತು. ಅಲ್ಲಿ ಸೇನೆಯ ಸಲಕರಣೆ ಪೊಲೀಸರ ಕೈಗೆ ಬಂತು. ಇಲ್ಲಿ ಸೇನೆಯ ರಚನೆ ಮೊದಲೇ ಇತ್ತು, ಸಲಕರಣೆ ಈಗ ಒಂದೊಂದಾಗಿ ಬಂದು ಸೇರುತ್ತಿದೆ: 2016ರಲ್ಲಿ ಕಾಶ್ಮೀರದಲ್ಲಿ ನೂರಾರು ಜನರ ಕಣ್ಣಿಗೆ ಗಾಯ ಮಾಡಿದ ಪೆಲೆಟ್ ಬಂದೂಕು, 2024ರ ಫೆಬ್ರವರಿಯಲ್ಲಿ ಶಂಭು ಗಡಿಯಲ್ಲಿ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನಿನಿಂದ ಉದುರಿಸಿದ ಅಶ್ರುವಾಯು ಶೆಲ್. ಸಲಕರಣೆಯ ಬಗ್ಗೆ ನನಗೆ ಆತಂಕವಿದೆ, ಆದರೆ ಹೆಲ್ಮೆಟ್ಟು, ಗುರಾಣಿ ಕೊಡಬಾರದು ಎಂದು ನಾನು ಹೇಳಲಾರೆ. ಕಲ್ಲು ಬೀಳುವಾಗ ಪೇದೆಯ ತಲೆಗೂ ರಕ್ಷಣೆ ಬೇಕು, ಮತ್ತು ರಕ್ಷಣೆಯಿರುವ ಪೇದೆ ಗಾಬರಿಬಿದ್ದು ಬಂದೂಕಿಗೆ ಕೈಹಾಕುವ ಸಂಭವ ಕಡಿಮೆ. ನನ್ನ ಆಕ್ಷೇಪ ಬೇರೆ. ಸೈನಿಕ ತನ್ನ ತುಕಡಿಯ ಭಾಗ, ಅವನ ಕೃತ್ಯಕ್ಕೆ ಉತ್ತರ ಕೊಡುವುದು ಅವನ ಮೇಲಿನ ಅಧಿಕಾರ ಶ್ರೇಣಿ. ಪೊಲೀಸ್ ಪೇದೆ ಹಾಗಲ್ಲ. ಕಾನೂನಿನ ದೃಷ್ಟಿಯಲ್ಲಿ ಅವನು ಬೀಸಿದ ಒಂದೊಂದು ಏಟಿಗೂ ಅವನೇ, ಅವನ ಹೆಸರಿನಲ್ಲಿ, ಮಾಮೂಲಿ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕು. ಪೊಲೀಸರನ್ನು ತುಕಡಿಯಾಗಿ ಕಳಿಸಿದಾಗ ಕಳೆದುಹೋಗುವುದು ಈ ಹೆಸರು.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಮಲೆ ಮಹದೇಶ್ವರ ಬೆಟ್ಟ. ವೀರಪ್ಪನ್ ಬೇಟೆಗೆ ಕರ್ನಾಟಕ, ತಮಿಳುನಾಡುಗಳು ವಿಶೇಷ ಕಾರ್ಯಪಡೆಗಳನ್ನು ಕಟ್ಟಿದವು, ನಡುವೆ ಗಡಿ ಭದ್ರತಾ ಪಡೆಯನ್ನೂ ಕರೆಸಲಾಯಿತು. ಪೊಲೀಸರು ತೆತ್ತ ಬೆಲೆಯನ್ನು ನಾನು ಹಗುರ ಮಾಡುತ್ತಿಲ್ಲ. 1992ರ ಆಗಸ್ಟ್‌ನಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಆದರೆ ಅದರ ಬೆನ್ನಿಗೇ ಕಾಡಂಚಿನ ಹಳ್ಳಿಗಳ ಜನರನ್ನು, ಸೋಲಿಗರು ಸೇರಿದಂತೆ, ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ಸುದ್ದಿ ಕೊಟ್ಟರು ಎಂಬ ಅನುಮಾನದ ಮೇಲೆ ಹಿಡಿದು ತರಲಾಯಿತು. ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದಲ್ಲಿ ತಲೆಕೆಳಗಾಗಿ ನೇತುಹಾಕಿದ್ದನ್ನು, ವಿದ್ಯುತ್ ಶಾಕ್ ಕೊಟ್ಟಿದ್ದನ್ನು ಬದುಕುಳಿದವರು ಮುಂದೆ ಹೇಳಿಕೊಂಡರು. ಪೊಲೀಸರ ಎದುರು ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿದ್ದ, ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. 2001ರಲ್ಲಿ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಬಹುತೇಕರು ನಿರ್ದೋಷಿಗಳೆಂದು ಹೊರಬಂದರು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ಆಯೋಗ 2007ರ ಜನವರಿಯಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು. ಹಣ ಸರ್ಕಾರದ ಬೊಕ್ಕಸದಿಂದ ಬಂತು. ಹಿಂಸಿಸಿದ ಕೈಗಳಿಗೆ ಹೆಸರು ಹತ್ತಲಿಲ್ಲ, ಹಾಗಾಗಿ ಶಿಕ್ಷೆಯೂ ಆಗಲಿಲ್ಲ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದಾಗ ಕಾರ್ಯಪಡೆಗೆ ಸಿಕ್ಕಿದ್ದು ಬಹುಮಾನ, ಬಡ್ತಿ.

ಇದಕ್ಕೆ ಪ್ರತಿಯಾಗಿ ಅದೇ ಗಂಧದ ಕಾಡಿನ ಇನ್ನೊಂದು ಮಗ್ಗುಲಲ್ಲಿ, ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ ನಡೆದದ್ದನ್ನು ಇಟ್ಟು ನೋಡಬೇಕು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿ ಮನೆ ಒಡೆದರು, ಜನರನ್ನು ಬಡಿದರು, 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಅಲ್ಲಿ ತನಿಖೆ ಸಿಬಿಐ ಕೈಗೆ ಹೋಯಿತು, 269 ಜನರ ಮೇಲೆ ಒಬ್ಬೊಬ್ಬರ ಹೆಸರಿನಲ್ಲೇ ಆರೋಪ ಹೊರಿಸಲಾಯಿತು. 2011ರಲ್ಲಿ ಧರ್ಮಪುರಿ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ 54 ಜನ ತೀರಿಕೊಂಡಿದ್ದರು, ಉಳಿದ 215 ಜನರಿಗೂ ಶಿಕ್ಷೆಯಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಸಂತ್ರಸ್ತ ಮಹಿಳೆಯರಿಗೆ ತಲಾ 10 ಲಕ್ಷ ಪರಿಹಾರ ಕೊಟ್ಟು ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದಲೇ ವಸೂಲು ಮಾಡಬೇಕೆಂದಿತು. ಮೂವತ್ತೊಂದು ವರ್ಷ ಹಿಡಿಯಿತು ಎಂಬುದು ನಾಚಿಕೆಗೇಡು. ಆದರೂ ಕಾಡಿನ ನಡುವೆ, ನೂರಾರು ಸಿಬ್ಬಂದಿಯ ದಾಳಿಯಲ್ಲೂ, ಯಾರು ಏನು ಮಾಡಿದರು ಎಂದು ಗುರುತಿಸಲು ಸಾಧ್ಯವಾಯಿತು ಎಂಬುದನ್ನು ನಾನು ಮರೆಯಲಾರೆ. ‘ಗುಂಪಿನಲ್ಲಿ ಯಾರು ಹೊಡೆದರೋ ಗೊತ್ತಾಗಲಿಲ್ಲ’ ಎಂಬ ಇಲಾಖಾ ಉತ್ತರಕ್ಕೆ ವಾಚಾತಿಗಿಂತ ಗಟ್ಟಿಯಾದ ಪ್ರತ್ಯುತ್ತರ ನನಗೆ ಗೊತ್ತಿಲ್ಲ.

ಗಾಯಗಳು ಯಾವ ಭಾಗದಲ್ಲಿವೆ ಎಂಬುದೇ ಇಂಥ ಪ್ರಕರಣಗಳಲ್ಲಿ ಅತಿ ಮುಖ್ಯ ಸಾಕ್ಷಿ. 2018ರ ಮೇ 22ರಂದು ತೂತ್ತುಕ್ಕುಡಿಯಲ್ಲಿ ಸ್ಟೆರ್ಲೈಟ್ ತಾಮ್ರ ಘಟಕದ ವಿರುದ್ಧದ ಹೋರಾಟದ ನೂರನೆಯ ದಿನ ಮತ್ತು ಅದರ ಮರುದಿನ ಪೊಲೀಸರ ಗುಂಡಿಗೆ ಒಟ್ಟು 13 ಜನ ಬಲಿಯಾದರು. ಬಹುತೇಕರಿಗೆ ಗುಂಡು ತಾಗಿದ್ದು ತಲೆಗೆ, ಎದೆಗೆ, ಹಲವರಿಗೆ ಹಿಂದಿನಿಂದ. ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ, ಗುಂಡು ಹಾರಿಸುವಂಥ ಪ್ರಚೋದನೆ ಇರಲಿಲ್ಲ, ಮರೆಯಲ್ಲಿ ನಿಂತು ಓಡುತ್ತಿದ್ದವರತ್ತ ಗುಂಡು ಹಾರಿಸಲಾಗಿದೆ ಎಂದು ಕಂಡುಕೊಂಡು 17 ಪೊಲೀಸರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಕೆಳಮಟ್ಟದಲ್ಲಿ ಗುರಿಯಿಟ್ಟವನ ಗುಂಡು ತಲೆಗೆ ತಾಗುವುದಿಲ್ಲ, ಮುನ್ನುಗ್ಗಿ ಬರುತ್ತಿರುವವನಿಗೆ ಬೆನ್ನಿನಲ್ಲಿ ಗಾಯವಾಗುವುದಿಲ್ಲ. ನಿಮ್ಮ ಮಗನ ತಲೆಯ ಹಿಂಭಾಗದ ಹೊಲಿಗೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವೈದ್ಯರು ಬರೆದುಕೊಟ್ಟ ಗಾಯದ ಪ್ರಮಾಣಪತ್ರದಲ್ಲಿ ‘ತಲೆಯ ಹಿಂಭಾಗ’ ಎಂಬ ಎರಡು ಪದಗಳಿದ್ದರೆ ಅವು ಹತ್ತು ಪ್ರತ್ಯಕ್ಷದರ್ಶಿಗಳಷ್ಟು ಬೆಲೆಬಾಳುತ್ತವೆ.

ಪೇದೆಯ ಕಷ್ಟವನ್ನು ಹೇಳದೆ ಈ ಉತ್ತರ ನ್ಯಾಯವಾಗುವುದಿಲ್ಲ. ನರಗುಂದದಲ್ಲಿ ಅಂದು ರೈತರಷ್ಟೇ ಅಲ್ಲ, ಉದ್ರಿಕ್ತ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ನಮ್ಮ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದು 2019ರ ಒಂದು ಸಮೀಕ್ಷೆ ಹೇಳಿತ್ತು. ಹಿಂದಿನ ರಾತ್ರಿ ಇನ್ನೊಂದು ಜಿಲ್ಲೆಯ ಬಂದೋಬಸ್ತ್ ಮುಗಿಸಿ, ನಿದ್ದೆಯಿಲ್ಲದೆ, ಬಿಸಿಲಿನಲ್ಲಿ ಎದೆಗವಚ ತೊಟ್ಟು, ಮಧ್ಯಾಹ್ನದ ಊಟದ ಪೊಟ್ಟಣಕ್ಕೆ ಕಾಯುತ್ತ ನಿಂತವನ ಎದುರು ಕಲ್ಲು ಬಂದು ಬಿದ್ದಾಗ ಅವನಿಂದ ಸಂಯಮ ನಿರೀಕ್ಷಿಸುವ ಇಲಾಖೆ, ಆ ಸಂಯಮಕ್ಕೆ ಬೇಕಾದ ವಿಶ್ರಾಂತಿಯನ್ನೂ ತರಬೇತಿಯನ್ನೂ ಕೊಡಬೇಕು. ಅದನ್ನು ಕೊಡದ ಮೇಲಧಿಕಾರಿಯೂ ಆ ಏಟಿನಲ್ಲಿ ಪಾಲುದಾರ. ಆದರೆ ದಣಿವು ಶಿಕ್ಷೆ ತಗ್ಗಿಸಲು ಕಾರಣವಾಗಬಹುದೇ ಹೊರತು ಏಟನ್ನು ನ್ಯಾಯವಾಗಿಸುವುದಿಲ್ಲ.

ಕಾನೂನಿನ ದಾರಿಯಲ್ಲಿ ನಿಮಗೆ ಎದುರಾಗುವ ದೊಡ್ಡ ಗೋಡೆ ಪೂರ್ವಾನುಮತಿ. ಗುಂಪು ಚದುರಿಸುವಾಗ ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ ಸಂಹಿತೆಯ 151ನೆಯ ಕಲಂ ರಕ್ಷಣೆ ಕೊಡುತ್ತದೆ, ರಾಜ್ಯ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಇದರ ಜತೆಗೆ, ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರರ ಮೇಲಿನ ಮೊಕದ್ದಮೆಗೆ ಪೂರ್ವಾನುಮತಿ ಕೇಳುವ 218ನೆಯ ಕಲಂ ಇದೆ. ಅದಕ್ಕೆ ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಮಾತು ಸೇರಿದೆ: ಅನುಮತಿಯ ಕೋರಿಕೆ ತಲುಪಿದ 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಬೇಕು. ಕರ್ನಾಟಕದಲ್ಲಿ ಇನ್ನೂ ಒಂದು ತೊಡಕಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೆಯ ಕಲಂ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಮಾತ್ರವಲ್ಲ, ಅಧಿಕಾರ ಮೀರಿ ಮಾಡಿದ ಕೃತ್ಯಕ್ಕೂ ಪೂರ್ವಾನುಮತಿ ಬೇಕು ಎನ್ನುತ್ತದೆ, ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಹೂಡಿದ ಮೊಕದ್ದಮೆಯನ್ನು ವಜಾ ಮಾಡಬೇಕು ಎನ್ನುತ್ತದೆ. ಕರ್ತವ್ಯಕ್ಕೆ ನ್ಯಾಯಸಮ್ಮತ ಸಂಬಂಧವಿದ್ದರೆ ಅತಿರೇಕಕ್ಕೂ ಈ ರಕ್ಷಣೆ ಅನ್ವಯಿಸುತ್ತದೆ ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ಹೇಳಿದೆ. ಆ ತೀರ್ಪನ್ನು ನಾನು ಗೌರವಿಸುತ್ತೇನೆ, ಆದರೆ ಕಾಯ್ದೆಯ ಆ ಮಾತನ್ನು ವಿಧಾನಮಂಡಲ ತೆಗೆದುಹಾಕಬೇಕು ಎಂದೇ ನನ್ನ ಅಭಿಪ್ರಾಯ. ಅಧಿಕಾರ ಮೀರಿದ್ದಕ್ಕೆ ಅಧಿಕಾರದ ರಕ್ಷಣೆ ಕೊಡುವುದು ನ್ಯಾಯವಲ್ಲ.

ಆದ್ದರಿಂದ ನೀವು ಮಾಡಬೇಕಾದ್ದನ್ನು ಹೇಳುತ್ತೇನೆ. ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲಿ ಆಗಿದ್ದರೆ ದಾಖಲೆಗಳೊಂದಿಗೆ ಮಗನನ್ನು ಸರ್ಕಾರಿ ಆಸ್ಪತ್ರೆಗೂ ಕರೆದೊಯ್ದು, ಏಟು ಹೇಗೆ ಬಿತ್ತು ಎಂಬ ಅವನ ಹೇಳಿಕೆಯ ಸಹಿತ ವೈದ್ಯಕೀಯ-ಕಾನೂನು ಪ್ರಕರಣ (ಎಂಎಲ್‌ಸಿ) ಎಂದು ದಾಖಲಿಸಿ. ‘ಬಿದ್ದು ಗಾಯವಾಯಿತು’ ಎಂದು ಬರೆಸಿದರೆ ತೊಂದರೆ ಇರುವುದಿಲ್ಲ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಆ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಮುಗಿಸುತ್ತದೆ. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ನಾಲ್ಕನೆಯ ಉಪಕಲಮಿನಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ದೂರು ಕಳಿಸಿ, ಸ್ವೀಕೃತಿಯನ್ನು ಜೋಪಾನ ಮಾಡಿ. ಅದೂ ಫಲಿಸದಿದ್ದರೆ ದಂಡಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಸರ್ಕಾರಿ ನೌಕರರ ಮೇಲಿನ ದೂರಾದರೆ ಅವರು ಮೊದಲು ಮೇಲಧಿಕಾರಿಯ ವರದಿ ತರಿಸಿಕೊಳ್ಳುತ್ತಾರೆ, ಅದರಿಂದ ಎದೆಗುಂದಬೇಕಾಗಿಲ್ಲ.

ಹೊಡೆದವನ ಹೆಸರು ಗೊತ್ತಿಲ್ಲ ಎಂಬ ಕಾರಣಕ್ಕೆ ದೂರು ನಿಲ್ಲುವುದಿಲ್ಲ. ಅಂದು ಯಾವ ತುಕಡಿ ಬಂದಿತ್ತು, ಯಾರ ನೇತೃತ್ವದಲ್ಲಿತ್ತು, ಯಾರಿಗೆ ಯಾವ ಜಾಗದ ಹೊಣೆಯಿತ್ತು ಎಂಬುದು ಬಂದೋಬಸ್ತ್ ಆದೇಶದಲ್ಲಿ ಬರೆದಿರುತ್ತದೆ. ಚದುರುವ ಆದೇಶ ಕೊಟ್ಟವರು ಯಾರು, ಎಷ್ಟು ಹೊತ್ತಿಗೆ, ಧ್ವನಿವರ್ಧಕದಲ್ಲಿ ಹೇಳಿದರೇ ಎಂಬುದನ್ನೂ ಕೇಳಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇವುಗಳ ಪ್ರತಿ ಕೇಳಬಹುದು. ತನಿಖೆ ನಡೆಯುತ್ತಿದೆ ಎಂದು ನಿರಾಕರಿಸಿದರೆ ನ್ಯಾಯಾಲಯದ ಮೂಲಕ ತರಿಸಬಹುದು. ಬಂಧಿಸುವ ಅಧಿಕಾರಿ ತನ್ನ ಹೆಸರನ್ನು ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಎಂದು 36ನೆಯ ಕಲಂ ಹೇಳುತ್ತದೆ. ಲಾಠಿ ಬೀಸುವ ತುಕಡಿಗೂ ಇದನ್ನು ವಿಸ್ತರಿಸಿ, ಎದೆಗವಚದ ಮೇಲೆ, ಹೆಲ್ಮೆಟ್ಟಿನ ಹಿಂದೆ ದೊಡ್ಡ ಅಕ್ಷರದಲ್ಲಿ ಸಂಖ್ಯೆ ಬರೆಯಲು ಆಗುವ ಖರ್ಚು ಒಂದು ಜಲಫಿರಂಗಿಯ ಬೆಲೆಯ ಮುಂದೆ ಏನೂ ಅಲ್ಲ. ಇದನ್ನು ಇಲಾಖೆ ನಾಳೆಯೇ, ಯಾವ ಹೊಸ ಕಾಯ್ದೆಯೂ ಇಲ್ಲದೆ ಮಾಡಬಹುದು.

ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿದಂತೆ ನಮ್ಮ ರಾಜ್ಯದಲ್ಲೂ 2012ರ ತಿದ್ದುಪಡಿಯ ಮೂಲಕ ಪೊಲೀಸ್ ದೂರು ಪ್ರಾಧಿಕಾರಗಳು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಬಂದಿವೆ. ಅಲ್ಲಿಗೂ ಒಂದು ದೂರು ಕೊಡಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಕೊಡಬಹುದು, ಆದರೆ ಘಟನೆಯಿಂದ ಒಂದು ವರ್ಷ ಕಳೆದರೆ ಅದು ವಿಚಾರಿಸುವಂತಿಲ್ಲ. ಪರಿಹಾರವೇ ಮುಖ್ಯವೆನಿಸಿದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬ ತತ್ವ 1993ರ ನೀಲಾಬತಿ ಬೆಹೆರಾ ತೀರ್ಪಿನಿಂದ ಗಟ್ಟಿಯಾಗಿ ನಿಂತಿದೆ, ಅದಕ್ಕೆ ಪೇದೆಯ ಹೆಸರು ಗೊತ್ತಿರಬೇಕೆಂದಿಲ್ಲ.

ಕೊನೆಯದಾಗಿ ಎರಡು ಎಚ್ಚರಿಕೆ. ಇಂಥ ಘಟನೆಗಳಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರ ಹೆಸರುಗಳೇ ಗಲಭೆ ಪ್ರಕರಣದ ಆರೋಪಿಗಳ ಪಟ್ಟಿಗೆ ಸೇರುವುದನ್ನು ನಾನು ವೃತ್ತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ದೂರು ಕೊಡುವ ಮುನ್ನ ಎಫ್‌ಐಆರ್‌ನಲ್ಲಿ ನಿಮ್ಮ ಮಗನ ಹೆಸರು ಇದೆಯೇ, ‘ಮತ್ತು ಇತರರು’ ಎಂದು ಬರೆದು ಜಾಗ ಬಿಟ್ಟಿದ್ದಾರೆಯೇ ಎಂದು ವಕೀಲರ ಮೂಲಕ ನೋಡಿಸಿ, ಅಗತ್ಯವಿದ್ದರೆ 482ನೆಯ ಕಲಮಿನಡಿ ನಿರೀಕ್ಷಣಾ ಜಾಮೀನಿಗೆ ಸಿದ್ಧರಾಗಿ. ಎರಡನೆಯದು ಇನ್ನೂ ತುರ್ತಿನದು. ಬಸ್ ನಿಲ್ದಾಣದ ಸುತ್ತಲಿನ ಅಂಗಡಿ, ಬ್ಯಾಂಕುಗಳ ಕ್ಯಾಮೆರಾಗಳಲ್ಲಿ ಆ ದಿನದ ದೃಶ್ಯ ಹೆಚ್ಚು ಕಾಲ ಉಳಿಯುವುದಿಲ್ಲ, ಹೊಸ ದೃಶ್ಯ ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಯಾವ ಕ್ಯಾಮೆರಾ ಯಾವ ಕಡೆಗೆ ಮುಖ ಮಾಡಿದೆ ಎಂದು ಇವತ್ತೇ ನಡೆದು ನೋಡಿ ಪಟ್ಟಿ ಮಾಡಿ, ದೃಶ್ಯಗಳನ್ನು ಅಳಿಸದೆ ಕಾಪಾಡಬೇಕೆಂದು ಆಯಾ ಮಾಲೀಕರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ದಿನಾಂಕ, ಗಂಟೆ ನಮೂದಿಸಿ ಲಿಖಿತ ಕೋರಿಕೆ ಕೊಟ್ಟು, ಅದರ ಪ್ರತಿಗೆ ಸಹಿ ಪಡೆದುಕೊಳ್ಳಿ.